ಸಿಗರೇಟು ಮುಗಿದರೆ ಬಸ್ಸು

ಸಿಗರೇಟು ಬಿಡುವುದು ಕಷ್ಟ ಎಂದು ಗೋಳಾಡುವವರನ್ನು ಕಂಡರೆ ನನಗೆ ಸಣ್ಣದೊಂದು ಅಸೂಯೆ. ಅವರು ಬಿಟ್ಟಾಗ ಕಷ್ಟವಾದದ್ದು ಅವರಿಗಷ್ಟೇ. ಹೆಚ್ಚೆಂದರೆ ಹೆಂಡತಿ ಮಕ್ಕಳು ಒಂದೆರಡು ವಾರ ಕಾರಣವಿಲ್ಲದೆ ಬೈಸಿಕೊಂಡಿರಬಹುದು. ನಾನು ಬಿಟ್ಟಾಗ ಕಷ್ಟಕ್ಕೆ ಸಿಕ್ಕಿದ್ದು ಮದ್ದೂರಿನಿಂದ ಹೊರಡುವ ಒಂಬತ್ತು ಬಸ್ಸುಗಳು, ಅವುಗಳ ಡ್ರೈವರು ಕಂಡಕ್ಟರುಗಳು, ಮತ್ತು ಬೆಸಗರಹಳ್ಳಿಯಿಂದ ಬೆಳಕವಾಡಿಯವರೆಗಿನ ಅಷ್ಟೂ ಪ್ರಯಾಣಿಕರು. ಇದು ಎಪ್ಪತ್ತರ ದಶಕದ ಮಾತು. ಅಂದಿನಿಂದ ಇಂದಿನವರೆಗೆ ನಾನು ಈ ಪ್ರಸಂಗವನ್ನು ಕ್ರಮವಾಗಿ, ಮೊದಲಿನಿಂದ ಕೊನೆಯವರೆಗೆ, ಎಷ್ಟೋ ಸಲ ಮನಸ್ಸಿನಲ್ಲಿ ಜೋಡಿಸಿ ನೋಡಿದ್ದೇನೆ. ಪ್ರತಿ ಸಲವೂ ಒಂದು ತುಣುಕು ಕಡಿಮೆ ಬೀಳುತ್ತದೆ. ಅದು ಯಾವುದೆಂದು ಗೊತ್ತಿದ್ದವರು ಹೇಳಲಿಲ್ಲ.

ಮೊದಲು ನನ್ನ ಸ್ವಭಾವ ಹೇಳಿಬಿಡಬೇಕು. ನನ್ನ ತಂದೆ ಮಳವಳ್ಳಿಯಲ್ಲಿ ಮೇಷ್ಟರಾಗಿದ್ದವರು. ನಮ್ಮ ಮನೆಯಲ್ಲಿ ಐದಕ್ಕೆ ಸ್ನಾನ, ಐದೂವರೆಗೆ ಸಂಧ್ಯಾವಂದನೆ, ಆರಕ್ಕೆ ಮಗ್ಗಿ. ಬೇರೆ ಮಕ್ಕಳಿಗೆ ಇದು ಶಿಕ್ಷೆಯಂತೆ ಕಾಣುತ್ತಿತ್ತು. ನನಗೆ ಮಾತ್ರ ಪರಮಸುಖ. ಮುಂದಿನ ಗಂಟೆಯಲ್ಲಿ ಏನು ನಡೆಯುತ್ತದೆಂದು ಗೊತ್ತಿರುವುದಕ್ಕಿಂತ ದೊಡ್ಡ ಸುಖ ಯಾವುದಿದೆ? ಇಂದಿಗೂ ನಾನು ತಟ್ಟೆಯಲ್ಲಿ ಎಡಗಡೆಯ ಇಡ್ಲಿಯನ್ನೇ ಮೊದಲು ತಿನ್ನುತ್ತೇನೆ. ಚಪ್ಪಲಿಯ ತುದಿ ಬಾಗಿಲ ಕಡೆಗೇ ಇರಬೇಕು. ಇದನ್ನೆಲ್ಲ ಶಿಸ್ತು ಎಂದು ನಾನು, ಹುಚ್ಚು ಎಂದು ನನ್ನ ಹೆಂಡತಿ ಸಾವಿತ್ರಿ, ಐವತ್ತು ವರ್ಷಗಳಿಂದ ಕರೆದುಕೊಂಡು ಬಂದಿದ್ದೆವು. ಈಚೆಗೆ ನಮ್ಮ ಮೊಮ್ಮಗಳು ಮೂರನೆಯ ಹೆಸರೊಂದನ್ನು ತಂದಳು. ಬೇರೆ ಮಕ್ಕಳೊಂದಿಗೆ ಬೆರೆಯಲು ಕಷ್ಟಪಡುವ ಮಕ್ಕಳಿಗೆ ಪಾಠ ಹೇಳುವುದು ಅವಳ ಉದ್ಯೋಗ. ರಜೆಯಲ್ಲಿ ಎರಡು ದಿನ ನಮ್ಮ ಮನೆಯಲ್ಲಿದ್ದು, ಮೂರನೆಯ ದಿನ ತಿಂಡಿಯ ಹೊತ್ತಿಗೆ, "ತಾತ, ನಿಮಗೆ ಆಸ್ಪರ್ಜರ್ ಇರಬೇಕು" ಎಂದಳು. ನಾನು, "ಅದಕ್ಕೆ ಮಾತ್ರೆ ಊಟಕ್ಕೆ ಮೊದಲೋ ಆಮೇಲೋ?" ಎಂದು ಕೇಳಿದೆ. ಅವಳು ನಕ್ಕು, "ಅದು ಕಾಯಿಲೆಯಲ್ಲ ತಾತ, ಹುಟ್ಟಿದಾಗಿನಿಂದ ಇರೋ ಸ್ವಭಾವ. ಎದುರಿನವರ ಮುಖ ನೋಡಿ ಮನಸ್ಸು ತಿಳಿಯೋದು ಕಷ್ಟ, ದಿನಚರಿ ತಪ್ಪಿದರೆ ಗಾಬರಿ, ಹೇಳಿದ್ದನ್ನು ಹೇಳಿದ ಹಾಗೇ ತಗೊಳ್ಳೋದು, ಇಂಥವೆಲ್ಲ" ಎಂದಳು. "ಹೇಳಿದ್ದನ್ನು ಹೇಳಿದ ಹಾಗೆ ತಗೊಳ್ಳದೆ ಇನ್ನು ಹೇಗೆ ತಗೊಳ್ಳಬೇಕಮ್ಮ?" ಎಂದೆ. ಅವಳು ಅಜ್ಜಿಯ ಮುಖ ನೋಡಿದಳು. ಈಗ ಡಾಕ್ಟರುಗಳೇ ಆ ಹೆಸರನ್ನು ಬಿಟ್ಟು ಬೇರೆ ಹೆಸರು ಹಿಡಿದಿದ್ದಾರಂತೆ. ಅವರಿಗೆ ಬಿಡುವುದು ಎಷ್ಟು ಸುಲಭ ನೋಡಿ.

ಸಿಗರೇಟಿನ ಮಾತು ಬಂದದ್ದೂ ಆಗಲೇ. ಈ ಸ್ವಭಾವದವರು ಕೆಲವರು ಸೇದಲು ಹಿಡಿದರೆ ಬಿಡುವುದು ಬಲು ಕಷ್ಟ, ಹೊಗೆಸೊಪ್ಪಿನ ಚಟ ಒಂದು ಕಡೆಯಾದರೆ ದಿನಚರಿಯ ಗಂಟು ಇನ್ನೊಂದು ಕಡೆ ಎಂದು ಅವಳು ವಿವರಿಸಿದಳು. ನಾನು ತಲೆದೂಗಿದೆ. ಆದರೆ ಹಿಡಿದದ್ದು ಯಾಕೆ ಎಂಬುದನ್ನು ಅವಳಿಗಿಂತ ನಾನೇ ಚೆನ್ನಾಗಿ ಹೇಳಬಲ್ಲೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮಂಡ್ಯದಲ್ಲಿ ಒಂದು ಮದುವೆಗೆ ಹೋಗಿದ್ದೆ. ಮದುವೆಮನೆಯಲ್ಲಿ ನನಗೆ ಯಾವಾಗಲೂ ಇರುವ ತೊಂದರೆ ಎಂದರೆ ಕೈಗಳು. ಅವನ್ನು ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಸುಮ್ಮನೆ ನಿಂತರೆ "ಯಾಕಪ್ಪ ಒಬ್ಬನೇ ನಿಂತೆ?" ಎನ್ನುತ್ತಾರೆ. ಗುಂಪಿನಲ್ಲಿ ನಿಂತರೆ "ಯಾಕಪ್ಪ ಮಾತೇ ಆಡಲ್ಲ?" ಎನ್ನುತ್ತಾರೆ. ಎರಡಕ್ಕೂ ನನ್ನಲ್ಲಿ ಉತ್ತರವಿಲ್ಲ. ಅಂದು ಚಪ್ಪರದ ಹಿಂದೆ ಯಾರೋ ದೂರದ ನೆಂಟರು ಒಂದು ಸಿಗರೇಟು ಕೊಟ್ಟರು. ಹಚ್ಚಿಕೊಂಡು ನಿಂತೆ. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು, ಆದರೆ ಒಬ್ಬರೂ ನನ್ನನ್ನು ಏನೂ ಕೇಳಲಿಲ್ಲ. ಸಿಗರೇಟು ಸೇದುತ್ತ ಒಬ್ಬನೇ ನಿಂತವನು ಸಿಗರೇಟು ಸೇದುತ್ತಿದ್ದಾನೆ, ಅಷ್ಟೇ. ಅವನಿಗೆ ಆ ಜಾಗದಲ್ಲಿ ನಿಲ್ಲುವ ಹಕ್ಕಿದೆ. "ಬೆಂಕಿ ಇದೆಯೇ?" ಎಂದು ಕೇಳಿದರೆ ಒಂದು ಪೂರ್ತಿ ಸಂಭಾಷಣೆ ಮುಗಿದಂತೆ; ಅದರಲ್ಲಿ ತಪ್ಪು ಉತ್ತರವೇ ಇಲ್ಲ. ಇಂಥ ಅನುಕೂಲವನ್ನು ಬಿಡುವಷ್ಟು ದಡ್ಡ ನಾನಾಗಿರಲಿಲ್ಲ.

ಮುಂದೆ ನನಗೆ ಸಿಕ್ಕಿದ್ದು ನನ್ನ ಜಾತಕಕ್ಕೆ ಅಳತೆ ತೆಗೆದು ಹೊಲಿದಂಥ ಕೆಲಸ. ಒಂದು ಖಾಸಗಿ ಬಸ್ ಕಂಪನಿಯಲ್ಲಿ, ಮದ್ದೂರು ನಿಲ್ದಾಣದ ಟೈಂಕೀಪರ್. ಅಗಲ ಮೂರಡಿಯ ಒಂದು ಮರದ ಗೂಡು, ಒಂದು ರಿಜಿಸ್ಟರು, ಒಂದು ಸೀಟಿ. ಬಸ್ಸು ಬಂದ ಹೊತ್ತು, ಹೊರಟ ಹೊತ್ತು ಬರೆಯಬೇಕು. ಹೊರಡುವ ಹೊತ್ತಿಗೆ ಸೀಟಿ ಊದಬೇಕು. ಬಂದ ಬಸ್ಸು ಏಳು ನಿಮಿಷ ನಿಲ್ಲತಕ್ಕದ್ದು ಎಂದು ಕಂಪನಿಯ ನಿಯಮ. ನನ್ನ ಪಾಳಿಯಲ್ಲಿ ಒಂಬತ್ತು ಬಸ್ಸು. ಮೊದಲನೆಯದು ಏಳು ಹತ್ತಕ್ಕೆ ಬಂದು ಏಳು ಹದಿನೇಳಕ್ಕೆ ಬೆಸಗರಹಳ್ಳಿಗೆ ಹೊರಡುವ ಗಾಡಿ. ಬಸ್ಸಿನ ಇಂಜಿನ್ ನಿಂತ ಕೂಡಲೇ ನಾನು ಗೂಡಿನಿಂದ ಹೊರಬಂದು, ಬೇವಿನ ಮರದ ಪಕ್ಕದ ಚಪ್ಪಡಿ ಕಲ್ಲಿನ ಮೇಲೆ ನಿಂತು, ಎಡಗೈ ಬೆನ್ನ ಹಿಂದೆ ಇಟ್ಟು, ಒಂದು ಸಿಗರೇಟು ಹಚ್ಚುತ್ತಿದ್ದೆ. ಅದು ಸರಿಯಾಗಿ ಏಳು ನಿಮಿಷಕ್ಕೆ ಮುಗಿಯುತ್ತಿತ್ತು. ತುಂಡನ್ನು ಕಲ್ಲಿನ ಬಲಮೂಲೆಯಲ್ಲಿ ಹೊಸಕಿ ಸೀಟಿ ಊದಿದರೆ ಬಸ್ಸು ಹೊರಡುತ್ತಿತ್ತು. ಒಂಬತ್ತು ವರ್ಷ ಹೀಗೆ ನಡೆಯಿತು. ಜನ ನನ್ನನ್ನು ಟೈಮಯ್ನೋರು ಎಂದು ಕರೆಯುತ್ತಿದ್ದರು. ಅವರೆಲ್ಲ ನನ್ನ ಸೀಟಿಗೆ ಎಷ್ಟೊಂದು ವಿಧೇಯರು ಎಂದು ಒಳಗೊಳಗೇ ಹೆಮ್ಮೆಪಡುತ್ತಿದ್ದೆ.

ಆಮೇಲೆ ಕೆಮ್ಮು ಹಿಡಿಯಿತು. ಸಾವಿತ್ರಿಯ ಒತ್ತಾಯಕ್ಕೆ ಮಂಡ್ಯದಲ್ಲಿ ಡಾಕ್ಟರರೊಬ್ಬರ ಹತ್ತಿರ ಹೋದೆವು. ಅವರು ಎದೆಗೆ ಸ್ಟೆತಾಸ್ಕೋಪು ಇಟ್ಟು, "ದಿನಕ್ಕೆ ಎಷ್ಟು ಸೇದ್ತೀರಿ?" ಎಂದರು. "ಒಂಬತ್ತು." "ಪ್ರತಿ ದಿನ?" "ಇಲ್ಲ, ಭಾನುವಾರ ಏಳು." "ಭಾನುವಾರ ಯಾಕೆ ಕಡಿಮೆ?" "ಭಾನುವಾರ ಬಸ್ಸು ಏಳೇ. ಹಬ್ಬದ ದಿನ ವಿಶೇಷ ಗಾಡಿ ಎರಡು ಬಿಡ್ತಾರೆ, ಆಗ ಹನ್ನೊಂದು." ಡಾಕ್ಟರು ಸ್ಟೆತಾಸ್ಕೋಪನ್ನು ಕಿವಿಯಿಂದ ತೆಗೆದು ಸಾವಿತ್ರಿಯ ಕಡೆ ನೋಡಿದರು. ಅವಳು, "ಇವರು ಹೀಗೇ" ಎಂದಳು. "ನಾಳೆಯಿಂದ ಒಂದೂ ಕೂಡದು. ಹೀಗೇ ಮುಂದುವರಿಸಿದರೆ ಶ್ವಾಸಕೋಶ ನಿಮ್ಮದಲ್ಲ ಅಂದ್ಕೊಳ್ಳಿ" ಎಂದರು. ನಾನು, "ನಾಳೆ ಎಷ್ಟು ಗಂಟೆಯಿಂದ?" ಎಂದು ಕೇಳಿದೆ. ನಿಯಮ ಎಂದ ಮೇಲೆ ಆರಂಭದ ಹೊತ್ತು ಗೊತ್ತಾಗಬೇಡವೇ? ಅವರು ಚೀಟಿ ಬರೆಯುತ್ತ, "ಬೆಳಿಗ್ಗೆ ಆರರಿಂದ" ಎಂದರು. ಹೇಳಿದ ಹಾಗೇ ಮಾಡಿದೆ. ನಿಜ ಹೇಳುತ್ತೇನೆ, ಬಿಡುವುದು ನನಗೆ ಕಷ್ಟವೇ ಆಗಲಿಲ್ಲ. ನಿಯಮ ಬದಲಾಗಿತ್ತು, ಅಷ್ಟೇ. ಸೇದಬೇಕೆಂಬ ಆಸೆ ಬಸ್ಸು ಬಂದಾಗ ಬರುತ್ತಿತ್ತು, ಬಸ್ಸು ಹೋದಾಗ ಹೋಗುತ್ತಿತ್ತು. ಒಂದು ದಿನ ಮಳವಳ್ಳಿಯ ಗಾಡಿ ಟೈರು ಪಂಕ್ಚರಾಗಿ ನಲವತ್ತು ನಿಮಿಷ ತಡವಾಗಿ ಬಂತು. ಆ ದಿನ ಆಸೆಯೂ ನಲವತ್ತು ನಿಮಿಷ ತಡವಾಗಿಯೇ ಬಂತು.

ಮೊದಲ ದಿನದ ಮೊದಲ ಬಸ್ಸಿಗೇ ಗ್ರಹಚಾರ ಶುರುವಾಯಿತು. ಏಳು ಹತ್ತಕ್ಕೆ ಬೆಸಗರಹಳ್ಳಿ ಗಾಡಿ ಬಂತು. ಅದರ ಡ್ರೈವರು ಬೋರೇಗೌಡರು ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತರು. ನಾನು ಕಲ್ಲಿನ ಮೇಲೆ ನಿಂತೆ, ಬರಿಗೈಯಲ್ಲಿ. ಏಳು ಹದಿನೇಳಕ್ಕೆ ಸೀಟಿ ಊದಿದೆ. ಯಾರೂ ಅಲ್ಲಾಡಲಿಲ್ಲ. ಇನ್ನೊಮ್ಮೆ ಊದಿದೆ. ಬೋರೇಗೌಡರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ, ಅವರು ಎರಡನೆಯ ಟೀಗೆ ಹೇಳಿದರು. ಏಳು ಇಪ್ಪತ್ತೈದಕ್ಕೆ ನಾನೇ ಅಲ್ಲಿಗೆ ಹೋಗಿ, "ಗೌಡರೇ, ಹೊತ್ತಾಯಿತು" ಎಂದೆ.

"ಸುಮ್ಕಿರಿ ಅಯ್ನೋರೇ, ನೀವಿನ್ನೂ ಅಚ್ಚೇ ಇಲ್ಲ" ಎಂದರು ಬೋರೇಗೌಡರು.

ಏನು ಹಚ್ಚಬೇಕಾಗಿತ್ತು ನಾನು? ಬೆಳಕು ಹರಿದು ಎಷ್ಟೋ ಹೊತ್ತಾಗಿತ್ತು. ದೀಪ ಹಚ್ಚುವ ಪ್ರಶ್ನೆಯಿಲ್ಲ. ಕೇಳೋಣವೆಂದರೆ ಕೇಳುವುದೇ ನನಗೆ ಕಷ್ಟ. ಎಲ್ಲರಿಗೂ ಗೊತ್ತಿರುವುದನ್ನು ನಾನೊಬ್ಬನೇ ಕೇಳುತ್ತಿದ್ದೇನೆ ಎಂಬುದು ಎಷ್ಟೋ ಸಲ ಕೇಳಿದ ಮೇಲೆ ತಿಳಿದು ಪೆಚ್ಚಾಗಿದ್ದೇನೆ. ಸುಮ್ಮನೆ ಗೂಡಿಗೆ ಬಂದು ರಿಜಿಸ್ಟರಿನಲ್ಲಿ 'ಏಳು ಮೂವತ್ತೊಂದು' ಎಂದು ಬರೆದೆ. ಒಂಬತ್ತು ವರ್ಷದಲ್ಲಿ ಆ ಕಂಬಸಾಲಿನಲ್ಲಿ ಮೂವತ್ತೊಂದು ಎಂಬ ಅಂಕೆ ಬಿದ್ದದ್ದು ಅದೇ ಮೊದಲು. ಅಂದು ಒಂಬತ್ತು ಬಸ್ಸೂ ತಡ. ಮಾರನೆಯ ದಿನವೂ ತಡ. ಸೀಟಿಯನ್ನು ಬೇರೆ ಬೇರೆ ರೀತಿ ಊದಿ ನೋಡಿದೆ. ನಮ್ಮ ನಿಲ್ದಾಣದಲ್ಲಿ ಕಂಡಕ್ಟರುಗಳೆಲ್ಲ ಊದುತ್ತಿದ್ದರು, ಪೊಲೀಸಿನವನು ಊದುತ್ತಿದ್ದ. ಆ ಕಿರುಚಾಟದಲ್ಲಿ ನನ್ನ ಸೀಟಿಗೆ ಏನು ಬೆಲೆ ಎಂದು ಆಗ ಮೊದಲ ಸಲ ಅನುಮಾನ ಬಂತು. ಹಾಗಾದರೆ ಇಷ್ಟು ದಿನ ಹೇಗೆ ಹೊರಡುತ್ತಿದ್ದವು?

ನಾಲ್ಕನೆಯ ದಿನ ಮಂಡ್ಯದಿಂದ ಕಂಪನಿಯ ಏಜೆಂಟರು ಬಂದರು. ದಪ್ಪ ಮೀಸೆ, ಕಪ್ಪು ಟೋಪಿ. ಅವರು ಕೋಪದಲ್ಲಿದ್ದಾರೋ ನಗುತ್ತಿದ್ದಾರೋ ನನಗೆ ಎಂದೂ ತಿಳಿದದ್ದಿಲ್ಲ, ಮೀಸೆ ಅಡ್ಡ. ಅವರು ರಿಜಿಸ್ಟರು ತಿರುವಿ, "ಮಳವಳ್ಳಿಯಿಂದ ದೂರು, ಬೆಸಗರಹಳ್ಳಿಯಿಂದ ದೂರು. ಎಲ್ಲಾ ಮದ್ದೂರಲ್ಲೇ ಲೇಟಾಗ್ತಾ ಇವೆಯಲ್ರೀ. ಇನ್ನು ಹದಿನೈದು ದಿನ ನೋಡ್ತೀನಿ. ಸರಿಹೋಗದಿದ್ರೆ ನಿಮ್ಮನ್ನ ಮಂಡ್ಯಕ್ಕೆ ಹಾಕ್ತೀನಿ, ನನ್ನ ಕಣ್ಣೆದುರಿಗೇ ಇರಿ" ಎಂದರು. ಬೇರೆಯವರಿಗೆ ಇದು ಬಡ್ತಿಯಂತೆ ಕೇಳಿಸಬಹುದು. ನನಗೆ ಊಟ ಸೇರಲಿಲ್ಲ. ಮಂಡ್ಯ ನಿಲ್ದಾಣವೆಂದರೆ ನಾಲ್ಕು ದಿಕ್ಕಿನಿಂದ ಬಸ್ಸು, ಹಾರ್ನು, ಕೂಗಾಟ, ಕಡಲೆಕಾಯಿ ಮಾರುವವರು, ಮೈಗೆ ಮೈ ತಾಗುವ ಜನ. ಅಲ್ಲಿ ಬೇವಿನ ಮರವಿಲ್ಲ. ನನ್ನ ಕಲ್ಲಿಲ್ಲ. ಸಾವಿತ್ರಿಗೆ ಹೇಳಿದೆ. ಅವಳು, "ಕಲ್ಲೇ ಬೇಕಾದ್ರೆ ಅದನ್ನೂ ಬಸ್ಸಿನ ಮೇಲೆ ಹಾಕಿಸಿಕೊಂಡು ಹೋಗೋಣ, ಊಟ ಮಾಡಿ" ಎಂದಳು. ನಾನು ಅದರ ತೂಕ ಎಷ್ಟಿರಬಹುದೆಂದು ಲೆಕ್ಕ ಹಾಕಲು ಕೂತೆ. ಅವಳು ಹಾಗೆ ಹೇಳಿದ್ದು ತಮಾಷೆಗೆ ಎಂದು ಮಜ್ಜಿಗೆಯ ಹೊತ್ತಿಗೆ ತಿಳಿಯಿತು.

ವಿಷಯ ಬಯಲಾದದ್ದು ನಿಂಗಮ್ಮನಿಂದ. ಬೆಳಕವಾಡಿಯ ಈ ಮುದುಕಿ ವಾರಕ್ಕೊಮ್ಮೆ ಕರಿಬೇವು, ಬದನೆಕಾಯಿ ತಂದು ಮದ್ದೂರಿನಲ್ಲಿ ಮಾರಿ, ಖಾಲಿ ಕುಕ್ಕೆಯೊಂದಿಗೆ ಮಳವಳ್ಳಿ ಗಾಡಿಗೆ ಕಾಯುವವಳು. ಅಂದು ಆ ಗಾಡಿಗೆ ಹೊಸ ಡ್ರೈವರು ಬದಲಿಯಾಗಿ ಬಂದಿದ್ದ. ಅವನಿಗೆ ಇಲ್ಲಿನದೇನೂ ಗೊತ್ತಿರಲಿಲ್ಲವಾದ್ದರಿಂದ ನನ್ನ ಸೀಟಿ ಕೇಳಿ ಸರಿಯಾದ ಹೊತ್ತಿಗೆ ಹೊರಟೇಬಿಟ್ಟ. ನಾನು ಸಂತೋಷದಿಂದ ರಿಜಿಸ್ಟರು ಬರೆಯುತ್ತಿದ್ದಾಗ ನಿಂಗಮ್ಮ ಕುಕ್ಕೆ ಹೊತ್ತು ಗೂಡಿನ ಮುಂದೆ ಬಂದು ನಿಂತಳು.

"ಅಲ್ಲ ಕಣಪ್ಪ ಟೈಮಯ್ಯ, ಎಂಗ್ ಬುಟ್ಟೆ ಬಸ್ನ? ಇಲ್ಲೇ ಎದ್ರುಗೇ ಕುಂತಿವ್ನಿ ನಾನು."

"ಹೊತ್ತಾಯಿತಲ್ಲಮ್ಮ, ಬಿಟ್ಟೆ" ಎಂದೆ.

"ಒತ್ತಾಯ್ತು ಅಂತ ನಂಗೆ ಎಂಗ್ ಗೊತ್ತಾಗ್ಬೇಕು? ನಿನ್ ಸಿಗರೇಟೆಲ್ಲಿ?"

ನನಗೆ ಅರ್ಥವಾಗಲಿಲ್ಲ. ಅವಳು ಕುಕ್ಕೆ ಕೆಳಗಿಟ್ಟು, ಮಗುವಿಗೆ ಹೇಳುವ ಹಾಗೆ ಹೇಳಿದಳು. "ನೀನು ಬೆಂಕಿ ಕಡ್ಡಿ ಗೀರುದ್ರೆ ನಾನು ಎಲೆ ಅಡ್ಕೆ ಆಕತೀನಿ. ಅರ್ದ ಆದ್ರೆ ಉಗ್ದು ಬತ್ತೀನಿ. ಬೆಂಕಿ ನಿನ್ ಬೆಳ್ಳತ್ರ ಬಂದ್ರೆ ಎದ್ದು ಬಸ್ ಅತ್ತೀನಿ. ಈಗ ನೀನು ಅಚ್ಚೂ ಇಲ್ಲ, ಸೇದೂ ಇಲ್ಲ, ಬಸ್ ಮಾತ್ರ ಕಳ್ಸ್‌ಬುಟ್ಟೆ. ನ್ಯಾಯ್ವಾ ಇದು?"

ಟೀ ಅಂಗಡಿಗೆ ಹೋಗಿ ಬೋರೇಗೌಡರನ್ನು ಕೇಳಿದೆ. "ಇದೇನ್ ಅಯ್ನೋರೇ, ಈಗ್ ಕೇಳ್ತೀರಿ? ಇಡೀ ಮದ್ದೂರ್ಗೇ ಗೊತ್ತು" ಎಂದರು. ನಾನು ಹಚ್ಚಿದರೆ ಟೀಗೆ ಹೇಳುವುದು, ಅರ್ಧವಾದರೆ ಬೀಡಿ ಕಚ್ಚುವುದು, ತುಂಡಾದರೆ ಸ್ಟೇರಿಂಗಿಗೆ ಹೋಗುವುದು. ಎಲ್ಲ ಡ್ರೈವರುಗಳದೂ ಇದೇ ಕ್ರಮ. ಹೊಸದಾಗಿ ಸೇರಿದವರಿಗೆ ಅವರೇ ಕಲಿಸಿಕೊಡುತ್ತಿದ್ದರಂತೆ. ಯಾರೂ ನನ್ನನ್ನು ಗಮನಿಸದೆ ಇರಲಿ ಎಂದು ನಾನು ಸಿಗರೇಟು ಹಿಡಿದವನು. ಒಂಬತ್ತು ವರ್ಷ ನನಗೆ ಅಲ್ಲಿ ಯಾರ ಮುಖವೂ ಓದಲು ಬಂದಿರಲಿಲ್ಲ. ಆದರೆ ಓದು ಬಾರದ ನಿಂಗಮ್ಮನೂ ಸೇರಿ ಇಡೀ ನಿಲ್ದಾಣ ನನ್ನ ಎರಡು ಬೆರಳನ್ನು ದಿನಕ್ಕೆ ಒಂಬತ್ತು ಸಲ ಓದುತ್ತಿತ್ತು. ಇದಕ್ಕೆ ನಾಚಬೇಕೋ ಸಂತೋಷಪಡಬೇಕೋ ಗೊತ್ತಾಗದೆ ಮನೆಗೆ ಬಂದು ಒಂದು ಗಂಟೆ ಮುಂಚೆ ಮಲಗಿದೆ. ನಿದ್ದೆ ಮಾತ್ರ ಅದರ ಹೊತ್ತಿಗೇ ಬಂತು.

ಆದರೂ ತೊಡಕು ಗೊತ್ತಾಯಿತಲ್ಲ, ಪರಿಹಾರ ಸುಲಭ ಎಂದುಕೊಂಡೆ. ಮಾರನೆಯ ದಿನ ಸಿಗರೇಟೊಂದನ್ನು ಹಚ್ಚದೆ ಬೆರಳಲ್ಲಿ ಹಿಡಿದು ನಿಂತೆ. ಡಾಕ್ಟರ ನಿಯಮಕ್ಕೂ ಭಂಗವಿಲ್ಲ, ಜನಕ್ಕೂ ಗುರುತು ಸಿಕ್ಕಿತು. ಹಚ್ಚದ ಸಿಗರೇಟು ಚಿಕ್ಕದಾಗುವುದಿಲ್ಲ ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ. ಜನರ ಪಾಲಿಗೆ ಆ ದಿನ ಏಳು ಹತ್ತೇ ಮುಗಿಯಲಿಲ್ಲ. ಬೋರೇಗೌಡರು ಬೆಂಚಿನ ಮೇಲೆ ಕಾಲು ಮಡಿಸಿ ಕೂತು ಎರಡು ಊರಿನ ಪಂಚಾಯಿತಿ ಮುಗಿಸಿದರು. ಸಾವಿತ್ರಿ ಕೊಟ್ಟ ಉಪಾಯದಂತೆ ಸ್ಲೇಟಿನಲ್ಲಿ ಹೊತ್ತು ಬರೆದು ನೇತುಹಾಕಿದೆ. ಓದು ಬಾರದವರು ಓದುಬಲ್ಲವರನ್ನು ಕೇಳಿದರು; ಓದುಬಲ್ಲವರು ನನ್ನ ವಾಚು ಸರಿಯೋ ತಮ್ಮ ವಾಚು ಸರಿಯೋ ಎಂದು ಜಗಳಕ್ಕೆ ನಿಂತರು; ಅಷ್ಟರಲ್ಲಿ ಇನ್ನೈದು ನಿಮಿಷ ಹೋಯಿತು. ಆಮೇಲೆ ಊದುಬತ್ತಿ. ಇದು ನನ್ನ ಸ್ವಂತ ಯೋಚನೆ, ಈಗಲೂ ಇದರಲ್ಲಿ ತಪ್ಪಿಲ್ಲವೆಂದೇ ನನ್ನ ಅಭಿಪ್ರಾಯ. ಒಂದೇ ವೇಗದಲ್ಲಿ ಉರಿಯುತ್ತದೆ, ದೂರಕ್ಕೆ ಕಾಣುತ್ತದೆ, ಯಾರೂ ಸೇದಬೇಕಾಗಿಲ್ಲ. ಏಳು ನಿಮಿಷಕ್ಕೆ ಎಷ್ಟುದ್ದ ಬೇಕೆಂದು ಮನೆಯಲ್ಲಿ ಅಳೆದು ಕತ್ತರಿಸಿಕೊಂಡು ಹೋಗಿ ಕಲ್ಲಿನ ಬಿರುಕಿನಲ್ಲಿ ಸಿಕ್ಕಿಸಿದೆ. ಮೊದಲ ದಿನ ಎಲ್ಲ ಸರಿಹೋಯಿತು. ಎರಡನೆಯ ದಿನ ಯಾರೋ ಹೆಂಗಸು ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿದ್ದಳು. ಮೂರನೆಯ ದಿನ ಹೂವು ಬಿತ್ತು. ನಾಲ್ಕನೆಯ ದಿನ ನಾನು ನನ್ನ ಕಲ್ಲಿನ ಮೇಲೆ ಹತ್ತಲು ಹೋದರೆ ಕಡಲೆಪುರಿ ಮಾರುವವನು, "ಅಯ್ನೋರೇ, ನೀವೇ ಇಂಗೆ ಮೆಟ್ಟಾಕಂಡು ಅತ್ತುದ್ರೆ ಎಂಗೆ? ಬುಡಿ ಮೆಟ್ಟ" ಎಂದ. ಬಸ್ಸು ಹೊರಡುವ ಮುನ್ನ ಕಂಡಕ್ಟರುಗಳು ಕಲ್ಲಿಗೆ ಒಂದು ಸುತ್ತು ಬಂದು ಕೈಮುಗಿಯತೊಡಗಿದರು. ಒಬ್ಬರು ಬಂದದ್ದು ನೋಡಿ ಎಲ್ಲರೂ. ಪ್ರದಕ್ಷಿಣೆಗೆ ತಲಾ ಅರ್ಧ ನಿಮಿಷ. ಬಸ್ಸುಗಳು ಮತ್ತೆ ತಡವಾದವು, ಈ ಸಲ ಭಕ್ತಿಯಿಂದ.

ಕೊನೆಗೆ ಕಬ್ಬು. ಕಬ್ಬಿನ ಸೀಮೆಯಲ್ಲಿ ಹುಟ್ಟಿ ಇದು ಮೊದಲೇ ಹೊಳೆಯಲಿಲ್ಲವಲ್ಲ ಎಂದು ಹಲ್ಲು ಕಡಿದುಕೊಂಡೆ. ಒಂದೂವರೆ ಗೆಣ್ಣಿನ ಜಲ್ಲೆ, ನಿಧಾನವಾಗಿ ಜಗಿದರೆ ಏಳು ನಿಮಿಷ. ಸಿಗರೇಟಿಗಿಂತ ದೊಡ್ಡದು, ಕಣ್ಣು ಮಂಜಾದವರಿಗೂ ಕಾಣುತ್ತದೆ. ನನ್ನ ಬಾಯಿ ಹುಣ್ಣಾದದ್ದು ಬೇರೆ ಮಾತು. ಆದರೆ ಜಗಿದ ಸಿಪ್ಪೆಗೆ ಹಸುಗಳು ಬಂದವು. ಮೊದಲು ಎರಡು, ಆಮೇಲೆ ಆರು. ಹಸುಗಳಷ್ಟು ಹೊತ್ತು ಪಾಲಿಸುವವರನ್ನು ನಾನು ಕಂಡಿಲ್ಲ. ಏಳು ಹದಿನೈದಕ್ಕೆ ಸರಿಯಾಗಿ ಬಂದು ಬಸ್ಸಿನ ಮುಂದೆ ಮಲಗುತ್ತಿದ್ದವು. ಬೋರೇಗೌಡರು ಹಾರ್ನು ಹೊಡೆದು ಹೊಡೆದು ಸುಸ್ತಾಗಿ, "ಏನ್ ಅಯ್ನೋರೇ, ಟೈಮಾಫೀಸ್ ಮಾಡಿವ್ರೋ ದೊಡ್ಡಿ ಮಾಡಿವ್ರೋ?" ಎಂದರು.

ಹದಿನೈದನೆಯ ದಿನ ಬಂತು. ಏಜೆಂಟರು ಬೆಳಿಗ್ಗೆ ಏಳಕ್ಕೇ ಬಂದು ನನ್ನ ಗೂಡಿನೊಳಗೆ ನನ್ನ ಕುರ್ಚಿಯ ಮೇಲೆ ಕೂತು, ಕೈಗಡಿಯಾರ ಬಿಚ್ಚಿ ರಿಜಿಸ್ಟರಿನ ಮೇಲಿಟ್ಟರು. ನಾನು ಇಡೀ ರಾತ್ರಿ ಯೋಚಿಸಿ ಒಂದು ನಿರ್ಧಾರಕ್ಕೆ ಬಂದಿದ್ದೆ. ಶ್ವಾಸಕೋಶ ಹೋಗುವುದಕ್ಕೆ ಇನ್ನೂ ವರ್ಷಗಳಿವೆ, ಮಂಡ್ಯಕ್ಕೆ ಹೋಗುವುದು ನಾಳೆಯೇ. ಕಿಸೆಯಲ್ಲಿ ಒಂಬತ್ತು ಸಿಗರೇಟು ಇಟ್ಟುಕೊಂಡು ಬಂದಿದ್ದೆ. ಬಸ್ಸು ಬಂದು ನಿಂತಿತು. ಕಲ್ಲಿನ ಮೇಲೆ ನಿಂತೆ. ಸಿಗರೇಟು ತುಟಿಗಿಟ್ಟೆ. ಕಡ್ಡಿ ಗೀರುವಷ್ಟರಲ್ಲಿ ಬೋರೇಗೌಡರು ಬಂದು ನನ್ನ ಬಾಯಿಂದ ಸಿಗರೇಟು ಕಿತ್ತು ತಮ್ಮ ಕಿವಿಯ ಮೇಲೆ ಸಿಕ್ಕಿಸಿಕೊಂಡರು.

"ಬುಟ್ಟೋರು ಬುಟ್ಟಂಗಿರ್ಬೇಕು. ಅವ್ವಾರು ಮೊನ್ನೆ ಬಂದು ನಮ್ಗೆಲ್ಲ ಯೋಳವ್ರೆ, ಡಾಕ್ಟ್ರು ಏನಂದ್ರು ಅಂತ. ಸುಮ್ನೆ ನಿಂತ್ಕಳಿ ಅತ್ಲಾಗೆ."

ಸಾವಿತ್ರಿ ಬಸ್ ನಿಲ್ದಾಣಕ್ಕೆ ಬಂದಿದ್ದಳೇ? ಯಾವಾಗ? ಕೇಳುವಷ್ಟರಲ್ಲಿ ಬೋರೇಗೌಡರು ಹೋಗಿ ಬೆಂಚಿನ ಮೇಲೆ, ನನಗೆ ಬೆನ್ನು ಹಾಕಿ ಕೂತರು. ನನ್ನ ಬದುಕಿನ ಅತಿ ಉದ್ದದ ಏಳು ನಿಮಿಷ ಅದು. ಕೈಯಲ್ಲಿ ಸಿಗರೇಟಿಲ್ಲ, ಊದುಬತ್ತಿಯಿಲ್ಲ, ಕಬ್ಬಿಲ್ಲ. ಎಡಗೈ ಬೆನ್ನ ಹಿಂದೆ ಇತ್ತು, ಬಲಗೈಯನ್ನು ಎಲ್ಲಿಡಬೇಕೆಂದು ಮತ್ತೆ ಇಪ್ಪತ್ತೆರಡರ ಹುಡುಗನ ಹಾಗೆ ಒದ್ದಾಡಿದೆ. ಏಳು ಹದಿನಾರಾಯಿತು. ಬೋರೇಗೌಡರು ಲೋಟ ಕೆಳಗಿಟ್ಟರು. ಎಲೆ ಅಡಿಕೆಯವರು ಉಗಿದು ಬಂದರು. ಹೆಂಗಸರು ಗಂಟು ಎತ್ತಿಕೊಂಡರು. ಏಳು ಹದಿನೇಳಕ್ಕೆ, ನಾನು ಸೀಟಿ ಬಾಯಿಗಿಡುವ ಮೊದಲೇ, ಬಸ್ಸು ಹೊರಟಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ನಾಲ್ಕನೆಯ ಬಸ್ಸಿಗೆ ಏಜೆಂಟರೇ ಟೀ ಲೋಟ ಕೆಳಗಿಟ್ಟು, ವಾಚಿನ ಕಡೆ ನೋಡದೆ, "ಹೊರಡ್ರಯ್ಯ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ಮೀಸೆ ಅಲ್ಲಾಡಿತು. ಅದು ನಗುವೇ ಇರಬೇಕು, ಏಕೆಂದರೆ ನಾನು ಮದ್ದೂರಿನಲ್ಲೇ ಉಳಿದೆ.

ಸಂಜೆ ಬೋರೇಗೌಡರನ್ನು ಹಿಡಿದುಕೊಂಡೆ. "ಹೇಗೆ ಗೊತ್ತಾಯಿತು ನಿಮಗೆ?"

"ಕಂಡ್ಕಂಡೊ. ಇದು ನಿಮ್ಗೆ ಮೊದ್ಲಿಂದ್ಲೂ ಇದ್ದದ್ದೇ. ಸಿಗರೇಟಿನ ಗಲಾಟೇಲಿ ನಮ್ಗೆ ಗೊತ್ತಾಗ್ನಿಲ್ಲ ಅಷ್ಟೆ."

"ಏನು ಅದು?"

"ಯೋಳಕಿಲ್ಲ."

"ಯಾಕೆ?"

"ಯೋಳುದ್ರೆ ಅದ್ನೂ ಬುಟ್ಬುಡ್ತೀರಿ. ಇಲ್ಲಾಂದ್ರೆ ಅದ್ಕೂ ಒಂದು ರಿಜಿಸ್ಟ್ರು ಮಡೀಕತೀರಿ. ಆಮೇಕೆ ನಾವು ಇನ್ನೇನ್ ಉಡುಕ್ಕಂಡ್ ಓಗದು?"

ನಿಂಗಮ್ಮನನ್ನು ಕೇಳಿದೆ. "ಗೊತ್ತು ಕಣಪ್ಪ, ಆದ್ರೆ ಗೌಡ ಆಣೆ ಆಕವ್ನೆ. ಒಂದ್ ಯೋಳ್ತೀನಿ, ಈಗ ಮೊದ್ಲುಗಿಂತ ಸುಕ. ಕುಕ್ಕೆಗೆ ಒರಗಿಕಂಡು ಒಂಚೂರು ತೂಕಡುಸ್ಬೋದು" ಎಂದಳು. ಇದಕ್ಕೂ ಬಸ್ಸಿಗೂ ಏನು ಸಂಬಂಧವೆಂದು ನನಗೆ ತಿಳಿಯಲಿಲ್ಲ. ವಯಸ್ಸಾದವಳು, ಏನೋ ಹೇಳುತ್ತಾಳೆ ಎಂದು ಬಿಟ್ಟೆ. ನಾನು ನನ್ನನ್ನೇ ಕಾಯತೊಡಗಿದೆ. ಕನ್ನಡಕ ಒರೆಸುತ್ತೇನೆಯೇ? ಕಾಲು ಬದಲಿಸುತ್ತೇನೆಯೇ? ಜುಟ್ಟು ಮುಟ್ಟಿಕೊಳ್ಳೋಣವೆಂದರೆ ನನಗೆ ಜುಟ್ಟಿಲ್ಲ. ಬೇಕೆಂದೇ ಒಂದು ದಿನ ಅಲ್ಲಾಡದೆ, ಕಣ್ಣೂ ಮಿಟುಕಿಸದೆ ನಿಂತೆ. ಬಸ್ಸು ಏಳು ಹದಿನೇಳಕ್ಕೇ ಹೋಯಿತು. ನಿವೃತ್ತನಾಗುವವರೆಗೂ ಹೋಗುತ್ತಲೇ ಇತ್ತು. ನಾನು ಮತ್ತೆ ಸೇದಲಿಲ್ಲ. ಸಿಗರೇಟಿನ ಮರೆಯಿಲ್ಲದೆ ಒಬ್ಬನೇ ನಿಂತರೂ ಆ ನಿಲ್ದಾಣದಲ್ಲಿ ಯಾರೂ ನನ್ನನ್ನು "ಯಾಕೆ ಸುಮ್ಮನೆ ನಿಂತಿರಿ?" ಎಂದು ಕೇಳಲೂ ಇಲ್ಲ. ನಾನು ಸುಮ್ಮನೆ ನಿಂತಿಲ್ಲ ಎಂದು ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಈಗ ಬೋರೇಗೌಡರೂ ಇಲ್ಲ, ನಿಂಗಮ್ಮನೂ ಇಲ್ಲ. ಮೊಮ್ಮಗಳು ಬಂದಾಗ, "ನೀನು ಕಲಿತವಳು, ಏಳು ನಿಮಿಷ ನನ್ನನ್ನು ನೋಡಿ ಹೇಳು" ಎಂದು ಅಂಗಳದಲ್ಲಿ ನಿಂತೆ. ಅವಳು ನೋಡಿದಳು. ಆರು ನಿಮಿಷ ದಾಟುತ್ತಲೇ ಕೈಯಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ಒಳಗೆ ಅಜ್ಜಿ ಮೊಮ್ಮಗಳು ಏನು ಮಾತಾಡಿಕೊಂಡರೋ. ಹೊರಗೆ ಬಂದು ಗಟ್ಟಿಯಾಗಿ, "ತಾತ, ಅಜ್ಜಿ ಹೇಳಬೇಡ ಅಂದ್ರು" ಎಂದಳು.

ನಿನ್ನೆ ಕೊನೆಯ ಪ್ರಯತ್ನವೆಂದು ನಡುಮನೆಯ ದೊಡ್ಡ ಕನ್ನಡಿಯ ಮುಂದೆ ನಿಂತೆ. ಎಡಗೈ ಬೆನ್ನ ಹಿಂದೆ. ಬಸ್ಸಿಗೆ ಕಾಯುವವನ ಹಾಗೆ ನಿಲ್ಲಬೇಕೆಂದುಕೊಂಡರೂ ಕನ್ನಡಿಯಲ್ಲಿ ಕಂಡದ್ದು ಕನ್ನಡಿ ನೋಡುತ್ತಿರುವ ಒಬ್ಬ ಮುದುಕ. ಅವನ ಕೈ ಅಲ್ಲಾಡಲಿಲ್ಲ, ತಲೆ ಅಲ್ಲಾಡಲಿಲ್ಲ. ನೋಡುವಂಥದ್ದು ಏನೇನೂ ನಡೆಯಲಿಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ಸಾವಿತ್ರಿಯ ದೊಡ್ಡ ದನಿ. "ಏಳು ನಿಮಿಷ ಆಗ್ತಾ ಬಂತು, ನಿಂತದ್ದು ಸಾಕು. ಕಾಫಿ ಆರ್ತಾ ಇದೆ ಬನ್ನಿ."

ವಾಚು ನೋಡಿದೆ. ಆರೂವರೆ ನಿಮಿಷ. ನಮ್ಮ ಅಡುಗೆಮನೆಯಲ್ಲಿ ಗಡಿಯಾರವಿಲ್ಲ. ಅಲ್ಲಿಂದ ಈ ಕನ್ನಡಿಯೂ ಕಾಣುವುದಿಲ್ಲ, ನಾನೂ ಕಾಣುವುದಿಲ್ಲ, ನಡುವೆ ಗೋಡೆ. ಬೋರೇಗೌಡರು ಬೆನ್ನು ಹಾಕಿ ಕೂತದ್ದು, ನಿಂಗಮ್ಮ ತೂಕಡಿಸಿದ್ದು ಆಗ ಜ್ಞಾಪಕಕ್ಕೆ ಬಂತು. ಹಾಗಾದರೆ ಅದು ಕಣ್ಣಿಗೆ ಕಾಣುವಂಥದ್ದಲ್ಲ, ಕಿವಿಗೆ ಕೇಳುವಂಥದ್ದು, ನನಗೇ ತಿಳಿಯದೆ ನಾನು ಮಾಡುವ ಯಾವುದೋ ಸದ್ದು. ಇಷ್ಟು ವರ್ಷ ನಾನು ತಪ್ಪು ಕಡೆ ಹುಡುಕಿದ್ದೆ. ಕಾಫಿ ಕುಡಿಯುತ್ತ ಒಂದು ನಿರ್ಧಾರ ಮಾಡಿದೆ: ನಾಳೆಯಿಂದ, ಬೆಳಿಗ್ಗೆ ಆರರಿಂದ, ಗಮನವಿಟ್ಟು ಕೇಳಿಸಿಕೊಳ್ಳಬೇಕು. ಇದನ್ನು ಸಾವಿತ್ರಿಗೂ ತಿಳಿಸಿದೆ. ಅವಳು ಏನೋ ಅಂದು ನಕ್ಕಳು. ಏನಂದಳೋ ತಿಳಿಯಲಿಲ್ಲ. ಎರಡು ವರ್ಷದಿಂದ ನನಗೆ ಗಟ್ಟಿಯಾಗಿ ಕೂಗಿದರಷ್ಟೇ ಕಿವಿ ಕೇಳುತ್ತದೆ.